ಕೆಂಪಾಗುವ ಅಣಬೆ, ಕೆಂಪಾಗದ ಅಣಬೆ

ಅಕ್ಟೋಬರ್ 6, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಿಂದ ಕಚೇರಿಗೆ ಫೋನ್ ಬಂತು. ಮಾರುಕಟ್ಟೆ ಬೀದಿಯ ಗಡಿಯಾರ ರಿಪೇರಿಯವರು ನಿನ್ನೆ ಮಧ್ಯಾಹ್ನದಿಂದ ಅಲ್ಲಿದ್ದಾರೆ. ಅಣಬೆ ಹುರಿದು ತಿಂದ ಗಂಟೆಯೊಳಗೆ ಗೋಡೆ ಗಡಿಯಾರವನ್ನು ಕೆಳಗಿಳಿಸಿ, ಒಳಗೆ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆ, ಬಿಡಿಸಬೇಕು ಎಂದು ಸ್ಕ್ರೂ ಬಿಚ್ಚತೊಡಗಿದರಂತೆ. ತಮಾಷೆ ಮಾಡುತ್ತಿದ್ದಾರೆಂದು ಹೆಂಡತಿ ನಕ್ಕರಂತೆ. ಆಮೇಲೆ ಮನುಷ್ಯ ನಿಂತಲ್ಲೇ ಕುಸಿದು, ಮೇಜಿನ ಅಂಚಿಗೆ ಹಣೆ ಒಡೆದುಕೊಂಡರು. ಹೆಂಡತಿಗೆ ಹಲ್ಲುನೋವು, ಬರೀ ಹಾಲು ಬ್ರೆಡ್ಡಿನಲ್ಲಿದ್ದುದರಿಂದ ಬಚಾವಾದರು.

ಅಡುಗೆಮನೆಯಲ್ಲಿ ಉಳಿದಿದ್ದ ಎರಡು ಹಸಿ ಅಣಬೆಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಆಸ್ಪತ್ರೆಯವರು ನನ್ನನ್ನು ಕರೆಸಿದರು. ಇನ್ಯಾರನ್ನು ಕರೆಸುತ್ತಾರೆ? ಇಪ್ಪತ್ತೆರಡು ವರ್ಷದಿಂದ ಈ ಪುರಸಭೆಯ ಅಣಬೆ ಪರೀಕ್ಷಕ ನಾನು. ಜನ ಕಾಡಿನಿಂದ ಆರಿಸಿ ತಂದ ಬುಟ್ಟಿಗಳು ಮಾರುಕಟ್ಟೆ ಕಟ್ಟಡದ ನೆಲಮಹಡಿಯಲ್ಲಿರುವ ನಮ್ಮ ಕೋಣೆ ದಾಟಿಯೇ ಒಲೆಗೆ ಹೋಗಬೇಕು. ತಿನ್ನುವಂಥದ್ದು ಬುಟ್ಟಿಯಲ್ಲಿ ಉಳಿಯುತ್ತದೆ, ತಿನ್ನಬಾರದ್ದು ಬಕೆಟ್ಟಿಗೆ ಬೀಳುತ್ತದೆ, ತಂದವರ ಕೈಗೊಂದು ಚೀಟಿ ಹೋಗುತ್ತದೆ.

ಡಬ್ಬಿಯಲ್ಲಿದ್ದುದು ಚಿರತೆ ಅಣಬೆ. ದಂಟಿನ ಬಳೆಯ ಮೇಲೆ ಬೆರಳಾಡಿಸಿದ ಕೂಡಲೇ ಗೊತ್ತಾಯಿತು. “ಇಷ್ಟು ಬೇಗ ಹೇಳಿಬಿಟ್ರಲ್ಲ ಸರ್, ನಮಗೆ ಎಷ್ಟೋ ಅನುಕೂಲ ಆಯ್ತು” ಎಂದು ಡಾಕ್ಟರಮ್ಮ ಕೈ ಕುಲುಕಿದರು. ರೋಗಿಯ ಜೀವಕ್ಕೆ ಅಪಾಯವಿಲ್ಲವಂತೆ. ಆದರೆ ನಿನ್ನೆಯ ದಿನ ಪೂರ್ತಿ ಅವರ ತಲೆಯಿಂದ ಅಳಿಸಿಹೋಗಿದೆ. ಕಾಡಿಗೆ ಹೋದದ್ದೂ ನೆನಪಿಲ್ಲ, ನಮ್ಮಲ್ಲಿಗೆ ಬಂದದ್ದೂ ನೆನಪಿಲ್ಲ. ಅದನ್ನು ಕೇಳಿದಾಗ ನನಗೆ ಉಸಿರು ಬಂದಂತಾಯಿತು.

ಅವರ ಜೇಬಿನಲ್ಲಿ ನಮ್ಮ ಚೀಟಿ ಸಿಕ್ಕಿದೆ. ಚೀಟಿ ಕೊಡುವವರು ನಾನು ಮತ್ತು ನನ್ನ ಕೈಕೆಳಗಿನ ಹೊಸಬಳು, ಇಬ್ಬರೇ. ಮುಖ್ಯಸ್ಥರು ಕೇಳಿದಾಗ ನಾನು ಹೇಳಿದ್ದು ಇಷ್ಟೇ: “ನಂಬರು ಹೊಸಬಳ ಪುಸ್ತಕದ್ದು ಸರ್.” ಅದರಲ್ಲಿ ಸುಳ್ಳೇನಿಲ್ಲ.

ಅಕ್ಟೋಬರ್ 7, ಮಂಗಳವಾರ

ನಿನ್ನೆ ಬರೆದದ್ದನ್ನು ಓದಿದೆ. ಇಲ್ಲೂ ನುಣುಚಿಕೊಂಡಿದ್ದೇನೆ. ಯಾರೂ ಓದದ ಪುಸ್ತಕದಲ್ಲಿ ಯಾರಿಂದ ತಪ್ಪಿಸಿಕೊಳ್ಳುವುದು?

ಭಾನುವಾರ ಅರವತ್ತನಾಲ್ಕು ಬುಟ್ಟಿ ಬಂದಿದ್ದವು. ಹನ್ನೊಂದೂವರೆಗೆ ಹೊಸಬಳು ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದಳು. ಸಾಲು ಬಾಗಿಲು ದಾಟಿತ್ತು. ನಾನು ಅವಳ ಕುರ್ಚಿಯಲ್ಲಿ ಕೂತು ಎದುರಿಗಿದ್ದ ಬುಟ್ಟಿ ಎಳೆದುಕೊಂಡೆ. ಗಡಿಯಾರ ರಿಪೇರಿಯವರದು. ಹನ್ನೊಂದು ಅಣಬೆ. ಎಲ್ಲವನ್ನೂ ಚಾಕುವಿನಿಂದ ದಂಟಿನ ನಡುವೆ ಕೊಯ್ದಿದ್ದರು, ಒಂದಕ್ಕೂ ಬುಡವಿರಲಿಲ್ಲ. ಜಾತಿ ತಿಳಿಯುವುದು ಬುಡದಿಂದ, ಬುಡವಿಲ್ಲದ್ದನ್ನು ಪಾಸು ಮಾಡಬಾರದು. ಆ ನಿಯಮ ಮಾಡಿಸಿದವನೇ ನಾನು. ಗೋಡೆಯ ಮೇಲೆ ನನ್ನ ಅಕ್ಷರದಲ್ಲೇ ಇದೆ. ತಿನ್ನುವ ಜಾತಿಯದಾದರೆ ಗೀರಿದಲ್ಲಿ ಕೆಂಪಾಗಬೇಕು. ಒಂದರ ದಂಟನ್ನು ಉಗುರಿನಿಂದ ಗೀರಿದೆ. ಕೆಂಪಾಯಿತು ಅಂದುಕೊಂಡೆ. ಉಳಿದವನ್ನು ತಿರುವಿಯೂ ನೋಡದೆ, ಅವಳ ಪುಸ್ತಕದಿಂದ ಚೀಟಿ ಹರಿದು ಕೊಟ್ಟೆ. ಚೀಟಿಗಳಿಗೆಲ್ಲ ಅವಳು ಬೆಳಿಗ್ಗೆಯೇ ಮೊಹರು ಹಾಕಿಟ್ಟಿದ್ದಳು. ಅವಳು ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ನಾನು ನನ್ನ ಜಾಗದಲ್ಲಿದ್ದೆ.

ಗದ್ದಲ ಅಷ್ಟಿತ್ತು. ಮಳೆಗೆ ಅಣಬೆ ಟೊಪ್ಪಿಗಳ ಮೇಲಿನ ಚುಕ್ಕೆಗಳೆಲ್ಲ ತೊಳೆದುಹೋಗಿದ್ದವು. ಆ ಕೋಣೆಯ ಬಲ್ಬು ದರಿದ್ರದ್ದು, ಬದಲಾಯಿಸಿ ಎಂದು ಮೂರು ಸಲ ಬರೆದುಕೊಟ್ಟಿದ್ದೇನೆ.

ಅಕ್ಟೋಬರ್ 8, ಬುಧವಾರ

ಹೊರಡುವಾಗ ಅಕ್ಕ ಬಾಗಿಲಲ್ಲಿ ತಡೆದಳು. “ಏನೋ ಇದು ವೇಷ? ಒಂದು ಕಾಲಿಗೆ ಕಂದು ಕಾಲುಚೀಲ, ಒಂದು ಕಾಲಿಗೆ ಹಸಿರು. ನಾಟಕಕ್ಕೆ ಹೊರಟಿದ್ದೀಯಾ?”

ಎರಡೂ ಒಂದೇ ಬಣ್ಣ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿ ನಿವೃತ್ತಳಾದವಳು, ಯಾರಲ್ಲಾದರೂ ತಪ್ಪು ಹುಡುಕದಿದ್ದರೆ ಅವಳಿಗೆ ತಿಂದ ಅನ್ನ ಅರಗುವುದಿಲ್ಲ.

ಅಕ್ಟೋಬರ್ 9, ಗುರುವಾರ

ವಿಚಾರಣೆ ಮುಗಿಯುವ ತನಕ ಹೊಸಬಳನ್ನು ಮೇಜಿನಿಂದ ತೆಗೆದಿದ್ದಾರೆ. ಮೂಲೆಯಲ್ಲಿ ಕೂತು ಹಳೇ ಚೀಟಿಗಳನ್ನು ತಾರೀಖಿನ ಪ್ರಕಾರ ಕಟ್ಟು ಕಟ್ಟುತ್ತಿದ್ದಾಳೆ. ಬಂದು ಮೂರು ವರ್ಷವಾದರೂ ಅವಳನ್ನು ಎಲ್ಲರೂ ಕರೆಯುವುದು ಹೊಸಬಳು ಎಂದೇ. ಅದಕ್ಕೆ ಮೊದಲು ಅರಣ್ಯ ಇಲಾಖೆಯ ಸಸಿ ತೋಟದಲ್ಲಿದ್ದಳು. ಅಣಬೆಯ ಕೆಲಸ ಕಲಿಸಿದ್ದು ನಾನು.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಅವಳೇ ಮಾತು ತೆಗೆದಳು. “ಎಷ್ಟು ಯೋಚನೆ ಮಾಡಿದ್ರೂ ಆ ಬುಟ್ಟಿ ನೆನಪಿಗೆ ಬರ್ತಾ ಇಲ್ಲ ಸರ್. ಆದ್ರೆ ಅರವತ್ತು ಬುಟ್ಟೀಲಿ ಎಲ್ಲಾ ಹೇಗೆ ನೆನಪಿರುತ್ತೆ? ನಂದೇ ತಪ್ಪಿರಬೇಕು.”

ಆಗ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಬಾಯಿ ತೆರೆದೆ. ಬಂದ ಮಾತು ಇದು: “ಆಗುತ್ತಮ್ಮ. ಎಂಥವರಿಗೂ ಆಗುತ್ತೆ. ತಲೆಗೆ ಹಚ್ಚಿಕೋಬೇಡ.”

ಅವಳ ಕಣ್ಣು ತುಂಬಿತು. “ನೀವೊಬ್ರು ಹಾಗಂದ್ರಲ್ಲ, ಅಷ್ಟು ಸಾಕು ಸರ್” ಎಂದಳು.

ಇದನ್ನು ಬರೆಯುವಾಗ ಪುಟದ ಮೇಲೆ ಕೈ ಅಡ್ಡ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಅಕ್ಕನ ಹೊರತು ಯಾರೂ ಇಲ್ಲ, ಅವಳು ಪಕ್ಕದ ಮನೆಗೆ ಹೋಗಿದ್ದಾಳೆ.

ಅಕ್ಟೋಬರ್ 10, ಶುಕ್ರವಾರ

ಎರಡು ಅಣಬೆಗಳ ವ್ಯತ್ಯಾಸದ ಬಗ್ಗೆ ಒಂದು ಟಿಪ್ಪಣಿ ಬರೆದುಕೊಡಿ, ಹೊಸಬಳ ಫೈಲಿಗೆ ಸೇರಿಸಬೇಕು ಎಂದು ಮುಖ್ಯಸ್ಥರು ಹೇಳಿದರು. ಬರೆದೆ. ಅದರ ನಕಲು ಇಲ್ಲಿದೆ:

“ಇವೆರಡೂ ಒಂದೇ ಕುಲದವು, ಒಂದೇ ಮರದ ಕೆಳಗೆ ಒಂದೇ ವಾರದಲ್ಲಿ ಏಳುತ್ತವೆ. ಎರಡಕ್ಕೂ ಕಂದು ಟೊಪ್ಪಿ, ಟೊಪ್ಪಿಯ ಮೇಲೆ ಒಡೆದ ಸಿಪ್ಪೆಯಂಥ ಚುಕ್ಕೆ, ದಂಟಿಗೊಂದು ಬಳೆ. ಜನ ನಾಚಣಬೆ ಎನ್ನುವುದು ಚೆನ್ನಾಗಿ ಬೇಯಿಸಿದರೆ ತಿನ್ನಲು ಬರುತ್ತದೆ. ಅದರ ಚುಕ್ಕೆ ಬೂದು ಅಥವಾ ಮಾಸಲು, ಬಳೆಯ ಮೇಲ್ಮೈಯಲ್ಲಿ ಬಾಚಣಿಗೆ ಎಳೆದಂಥ ಸಣ್ಣ ಗೀರುಗಳು, ಬುಡ ಸುಮ್ಮನೆ ಊದಿಕೊಂಡಿರುತ್ತದೆ. ಗೀರಿದರೆ ಅಥವಾ ಹುಳು ತಿಂದಿದ್ದರೆ ಆ ಜಾಗ ನಿಧಾನಕ್ಕೆ ತಿಳಿಗೆಂಪಾಗುತ್ತದೆ. ಚಿರತೆ ಅಣಬೆ ವಿಷದ್ದು. ಅದರ ಚುಕ್ಕೆ ಅಚ್ಚ ಬಿಳಿ, ಬಳೆ ನುಣುಪು, ಬುಡದ ಗಡ್ಡೆಗೆ ಕೊರಳಪಟ್ಟಿಯಂಥ ಅಂಚು. ಎಷ್ಟು ಗೀರಿದರೂ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ.”

ಮುಖ್ಯಸ್ಥರು ಓದಿ, “ಚೆನ್ನಾಗಿದೆ. ಕೊನೇಲಿ ಒಂದು ವಾಕ್ಯ ಬೇಕಿತ್ತು. ಗಮನ ಇಟ್ಟು ನೋಡೋ ಯಾರೂ ಇವನ್ನ ಅದಲುಬದಲು ಮಾಡಲಾರರು ಅಂತ” ಎಂದರು.

ಸೇರಿಸಿದೆ. ಸಹಿ ಮಾಡಿದೆ. ಅಕ್ಷರ ಎಂದಿಗಿಂತ ದುಂಡಾಗಿ ಬಂತು.

ಅಕ್ಟೋಬರ್ 11, ಶನಿವಾರ

ಗಡಿಯಾರ ರಿಪೇರಿಯವರನ್ನು ನೋಡಿಬಂದೆ. ಮನೆಗೆ ಕಳಿಸಿದ್ದಾರೆ. ಹಣೆಗೆ ನಾಲ್ಕು ಹೊಲಿಗೆ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದರು. ನಾನು ಬೇಡವೆಂದೆ.

“ಗೋಡೆ ಗಡಿಯಾರದೊಳಗಿಂದ ಯಾರನ್ನ ಬಿಡಿಸೋಕೆ ಹೋಗಿದ್ದೆ ಅಂತ ಇವಳು ದಿನಾ ಕೇಳ್ತಾಳೆ. ಅತ್ತೇನೇ ಇರಬೇಕು ಅಂದೆ” ಎಂದು ನಕ್ಕರು. ಒಳಗಿನಿಂದ ಅವರ ಹೆಂಡತಿ, “ಮಾತಿಗೇನೂ ಕಮ್ಮಿ ಇಲ್ಲ ನೋಡಿ!” ಎಂದರು. ಆದರೆ ಲೋಟ ಹಿಡಿದಾಗ ಗಂಡನ ಬೆರಳು ನಡುಗುತ್ತಿತ್ತು. ಬಿದ್ದ ಪೆಟ್ಟಿಗೆ ಹೀಗಾಗಿದೆ, ಸರಿಹೋಗಬಹುದು ಎಂದಿದ್ದಾರಂತೆ ಡಾಕ್ಟರು. ಅಲ್ಲಿಯವರೆಗೆ ಸಾಸಿವೆ ಕಾಳಿನಂಥ ಸ್ಕ್ರೂಗಳನ್ನು ಹಿಡಿಯುವ ಹಾಗಿಲ್ಲ. ಅಂಗಡಿ ಮುಚ್ಚಿದೆ.

“ನಿಮ್ಮ ಹುಡುಗಿ ಬಂದಿದ್ಲು ಆಸ್ಪತ್ರೆಗೆ” ಎಂದರು. “ಮಂಚದ ಪಕ್ಕ ನಿಂತು ಕ್ಷಮಿಸಿ ಅಂತ ಅತ್ತಳು. ನನಗೇ ಕಸಿವಿಸಿ ಆಯ್ತು. ನೋಡಮ್ಮ, ನನಗೆ ಕೋಪ ಇಲ್ಲ, ಹೋಗು ಅಂದೆ. ನೀವೂ ಅವಳನ್ನ ಬೈಬೇಡಿ.”

ಬೈಯುವುದಿಲ್ಲ ಎಂದು ಮಾತು ಕೊಟ್ಟು ಬಂದೆ.

ಅಕ್ಟೋಬರ್ 12, ಭಾನುವಾರ

ಇವತ್ತಿನದು ಉದ್ದವಾಗುತ್ತದೆ.

ಬೆಳಿಗ್ಗೆ ಮೇಜಿನಲ್ಲಿ ನಾನೊಬ್ಬನೇ. ಒಂದು ಗಂಟೆಗೆ ಬಾಗಿಲು ಹಾಕುವ ಹೊತ್ತಿಗೆ ಹೊಸಬಳು ಬುಟ್ಟಿ ಹಿಡಿದು ಬಂದಳು. ಬೆಳಗಾಗುತ್ತಲೇ ಕಾಡಿಗೆ ಹೋಗಿ ಎರಡೂ ಜಾತಿಯ ಅಣಬೆಗಳನ್ನು ಬುಡಸಮೇತ ಕಿತ್ತು ತಂದಿದ್ದಳು. “ನಾನು ಎಲ್ಲಿ ಎಡವಿದೆ ಅಂತ ಗೊತ್ತಾಗದಿದ್ರೆ ನಿದ್ದೆ ಬರಲ್ಲ ಸರ್” ಎಂದು ಎರಡು ತಟ್ಟೆಗಳಲ್ಲಿ ಜೋಡಿಸಿದಳು. ಎರಡರ ದಂಟನ್ನೂ ಉದ್ದಕ್ಕೆ ಸೀಳಿದಳು. ಗೀರಿದಳು. ಕಾದೆವು.

“ನೋಡಿ ಸರ್, ಈಗ ಶುರುವಾಯ್ತು.”

ಬಗ್ಗಿ ನೋಡಿದೆ. “ಹೂಂ, ಚೆನ್ನಾಗಿ ಕೆಂಪಾಗಿದೆ” ಎಂದು ಬಲಗಡೆಯ ತಟ್ಟೆಯ ಮೇಲೆ ಬೆರಳಿಟ್ಟೆ.

ಅವಳು ನನ್ನ ಬೆರಳನ್ನೂ ತಟ್ಟೆಯನ್ನೂ ನೋಡಿದಳು. ಆಮೇಲೆ ಮೆಲ್ಲಗೆ, “ಅದು ಚಿರತೆ ಸರ್” ಎಂದಳು. “ಕೆಂಪಾಗ್ತಿರೋದು ಈ ಕಡೇದು.”

ಎಡಗಡೆ ನೋಡಿದೆ. ಬಲಗಡೆ ನೋಡಿದೆ. ಎರಡೂ ಹಳೇ ಕಾಗದದ ಬಣ್ಣಕ್ಕಿದ್ದವು. ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ. ಬೆಳಕಿಗೆ ಹಾಗೆ ಎಂದೇನೋ ಗೊಣಗಿದೆ. ಕಿಟಕಿ ತೆರೆದಿತ್ತು, ಬಿಸಿಲು ತಟ್ಟೆಯ ಮೇಲೇ ಬಿದ್ದಿತ್ತು. ಅವಳು ತಟ್ಟೆ ತೊಳೆದಿಟ್ಟು, ಬುಟ್ಟಿ ತೆಗೆದುಕೊಂಡು ಹೋದಳು. ಬರುತ್ತೇನೆ ಎನ್ನಲಿಲ್ಲ.

ನಾನು ಕೂತೇ ಇದ್ದೆ. ಇವತ್ತು ನಾನೊಬ್ಬನೇ ನೋಡಿ ಕಳಿಸಿದ್ದು ಐವತ್ತೊಂದು ಬುಟ್ಟಿ. ರಿಜಿಸ್ಟರು ತೆಗೆದೆ. ನಾಚಣಬೆ ಎಂದು ಬರೆದದ್ದು ಮೂರು ಕಡೆ. ವಿಳಾಸ ಚೀಟಿಯಲ್ಲಿ ಬರೆದುಕೊಂಡು ಸೈಕಲ್ ಹತ್ತಿದೆ.

ಮೊದಲನೆಯದು ಬೇಕರಿಯ ಹಿಂದಿನ ಮನೆ. ಬಾಗಿಲು ತೆರೆದ ಹೆಂಗಸಿನ ಕೈಯಲ್ಲಿ ಸೌಟಿತ್ತು. “ಅಣಬೆ ತಿಂದ್ರಾ?” ಎಂದೆ. “ಈಗ ಬಾಣಲೆಗೆ ಹಾಕ್ತಿದ್ದೆ. ಯಾಕೆ?” “ತಿನ್ನಬೇಡಿ. ನಾನು ಸರಿಯಾಗಿ ನೋಡಿಲ್ಲ.” ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಸರಿಯಾಗಿ ನೋಡಿಲ್ಲ ಅಂದ್ರೇನು? ಮತ್ತೆ ಅಲ್ಲಿ ಯಾಕೆ ಕೂತಿರೋದು ನೀವು?” ಚೀಲ ಮುಂದೆ ಹಿಡಿದೆ. ಅಣಬೆಯನ್ನು ಚೀಲಕ್ಕೆ ಸುರಿದು ಕೊಟ್ಟು ಬಾಗಿಲು ಬಡಿದರು. ಎರಡನೆಯ ಮನೆಯಲ್ಲಿ ಒಬ್ಬ ಮುದುಕ, ಕಿವಿ ಕೇಳುವುದಿಲ್ಲ. “ತಪ್ಪು ನನ್ನದು” ಎಂದು ಮೂರು ಸಲ ಕೂಗಿ ಹೇಳಬೇಕಾಯಿತು. ಎದುರು ಮನೆಯವರು ಹೊರಗೆ ಬಂದು ನಿಂತರು. ಮೂರನೆಯ ಮನೆಗೆ ಬೀಗ. ಮೆಟ್ಟಿಲ ಮೇಲೆ ಒಂದು ಗಂಟೆ ಕಾದೆ. ಆ ಗಂಡಹೆಂಡತಿ ಸಂತೆಯಿಂದ ಬಂದರು. ಅಣಬೆ ಇನ್ನೂ ಬುಟ್ಟಿಯಲ್ಲೇ ಇತ್ತು.

ಮೂರು ಚೀಲ ಸೈಕಲ್ಲಿಗೆ ತಗುಲಿಸಿಕೊಂಡು ನಿಂತೆ. ಇವು ಯಾವುವು ಎಂದು ಹೇಳಬಲ್ಲವರು ಈ ಊರಿನಲ್ಲಿ ಒಬ್ಬರೇ. ಹೊಸಬಳ ಮನೆಗೆ ಹೋದೆ.

ಆಕೆ ಮಗಳ ಜಡೆ ಹಾಕುತ್ತಿದ್ದಳು. ಹಜಾರದ ನೆಲದ ಮೇಲೆ ಕಾಗದ ಹಾಸಿ, ಚೀಲಗಳನ್ನು ಸುರಿದು, ಒಂದೊಂದನ್ನೂ ತಿರುಗಿಸಿ ಗೀರಿ ನೋಡಿದಳು. ಅರ್ಧ ಗಂಟೆ. “ಎಲ್ಲಾ ನಾಚಣಬೆ. ಒಂದೂ ತಪ್ಪಿಲ್ಲ” ಎಂದಳು. ಆಮೇಲೆ ತಲೆಯೆತ್ತಿದಳು. “ಆ ಬುಟ್ಟಿ ನಾನು ನೋಡಿದ್ದಲ್ಲ, ಅಲ್ವಾ ಸರ್?”

“ಅಲ್ಲ. ನೀನು ಕೈ ತೊಳೆಯೋಕೆ ಹೋಗಿದ್ದೆ. ನಾನು ನಿನ್ನ ಕುರ್ಚೀಲಿ ಕೂತಿದ್ದೆ.”

ಆಕೆ ಮಗಳನ್ನು ಒಳಗೆ ಕಳಿಸಿದಳು. ಕೂಗಾಡುತ್ತಾಳೆ ಅಂದುಕೊಂಡಿದ್ದೆ, ಕೂಗಾಡಲಿಲ್ಲ. “ಏಳು ದಿನ ಸರ್. ಮಂಗಳವಾರ ನಾನು ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ನನ್ನ ಕಣ್ಣಲ್ಲೇ ಏನೋ ಐಬಿದೆ ಅಂತ. ಏನೂ ಇಲ್ಲಮ್ಮ, ಹದ್ದಿನ ಕಣ್ಣು ನಿಂದು ಅಂದ್ರು. ಆಗಲೂ ನಾನು ಡಾಕ್ಟರನ್ನ ನಂಬಲಿಲ್ಲ, ಚೀಟೀನ ನಂಬಿದೆ.” ಅಣಬೆಗಳನ್ನು ಚೀಲಕ್ಕೆ ತುಂಬುತ್ತ, “ನೀವು ನನಗೆ ಸಮಾಧಾನ ಬೇರೆ ಹೇಳಿದ್ರಿ” ಎಂದಳು.

ಹೋಗಿ ಎನ್ನಲಿಲ್ಲ. ನಾನೇ ಎದ್ದುಬಂದೆ.

ಅಕ್ಟೋಬರ್ 13, ಸೋಮವಾರ

ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಮುಂದಕ್ಕೆ ತಳ್ಳಿ ಬಂದರು. “ವರದಿ ಆಗಲೇ ಮೇಲಕ್ಕೆ ಹೋಗಿದೆ. ಆ ಹುಡುಗಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಮುಗಿಸ್ತಾರೆ, ಮತ್ತೇನಿಲ್ಲ. ನಿಮಗೆ ನಿವೃತ್ತಿಗೆ ಹದಿನಾಲ್ಕು ತಿಂಗಳು. ಸುಮ್ಮನೆ ಕಣ್ಣು ತೋರಿಸ್ಕೊಂಡು ರಜೆ ಹಾಕಿ. ಇಪ್ಪತ್ತೆರಡು ವರ್ಷದ ಹೆಸರು ಯಾಕೆ ಮಣ್ಣುಪಾಲು ಮಾಡ್ಕೋತೀರಿ?”

ಯೋಚಿಸಿ ಹೇಳುತ್ತೇನೆ ಎಂದೆ.

ಯೋಚಿಸಲು ಏನಿತ್ತು?

ಅಕ್ಟೋಬರ್ 14, ಮಂಗಳವಾರ

ಕಚೇರಿಗೆ ಹೋಗಲಿಲ್ಲ. ಹೊಟ್ಟೆನೋವು ಎಂದು ಅಕ್ಕನಿಗೆ ಹೇಳಿದೆ.

ಅಕ್ಟೋಬರ್ 15, ಬುಧವಾರ

ಬೆಳಿಗ್ಗೆ ಅಕ್ಕನಿಗೆ ಹೇಳಿದೆ. ಅವಳು ಮೊಟ್ಟೆ ಸುಲಿಯುತ್ತಿದ್ದಳು. ಪೂರ್ತಿ ಕೇಳಿ, ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು. “ಕಣ್ಣು ಮಂಜಾಯ್ತು ಅಂತ ನಾನು ಬೈಯಲ್ಲ. ವಯಸ್ಸಾದರೆ ಆಗುತ್ತೆ. ಬಾಯಿ ಯಾಕೋ ಮುಚ್ಕೊಂಡಿದ್ದೆ?”

ಮೊಟ್ಟೆ ಮುಟ್ಟದೆ ಎದ್ದು ಕಾಗದ, ಪೆನ್ನು ತೆಗೆದೆ.

ಪತ್ರ ಬರೆದೆ. ಆ ಬುಟ್ಟಿ ನಾನು ನೋಡಿದ್ದು, ಚೀಟಿ ನಾನು ಹರಿದದ್ದು, ಬುಡವಿಲ್ಲದ್ದನ್ನು ಪಾಸು ಮಾಡಿದ್ದು ನಾನು. ಶುಕ್ರವಾರದ ಟಿಪ್ಪಣಿಯ ಕೊನೆಯ ವಾಕ್ಯ ಇನ್ನೊಬ್ಬರನ್ನು ಸಿಕ್ಕಿಸಲು ಬರೆದದ್ದು, ಅದನ್ನು ತೆಗೆಯಬೇಕು. ನನಗೆ ತಿಳಿಗೆಂಪು ಕಾಣಿಸುತ್ತಿಲ್ಲ, ಎಂದಿನಿಂದ ಎಂದು ಗೊತ್ತಿಲ್ಲ, ಆದ್ದರಿಂದ ಈ ಋತುವಿನಲ್ಲಿ ನಾನು ನೋಡಿದ ನಾಚಣಬೆಯನ್ನು ಒಣಗಿಸಿಟ್ಟುಕೊಂಡವರೆಲ್ಲ ಎಸೆದುಬಿಡಬೇಕು ಎಂದು ಬಾಗಿಲಿಗೆ ನನ್ನ ಹೆಸರಿನಲ್ಲೇ ನೋಟಿಸು ಅಂಟಿಸಬೇಕು.

ಮುಖ್ಯಸ್ಥರಿಗೊಂದು ಪ್ರತಿ, ಮೇಲಿನವರಿಗೆ ಒಂದು ಪ್ರತಿ. ಮೇಲಿನವರದನ್ನು ಮೊದಲು ಅಂಚೆಗೆ ಹಾಕಿ, ಆಮೇಲೆ ಇವರ ಕೋಣೆಗೆ ಹೋದೆ. ಮೊದಲು ಇವರಿಗೆ ಕೊಟ್ಟಿದ್ದರೆ ಮತ್ತೆ ಯೋಚಿಸಿ ಹೇಳುತ್ತೇನೆ ಎನ್ನುತ್ತಿದ್ದೆನೇನೋ. ಅವರು ಓದಿ, ಮುಖ ಗಂಟಿಕ್ಕಿಕೊಂಡು, ಹೋಗಿ ಎಂದು ಕೈಯಲ್ಲೇ ಸನ್ನೆ ಮಾಡಿದರು.

ಅಕ್ಟೋಬರ್ 16, ಗುರುವಾರ

ಗಡಿಯಾರ ರಿಪೇರಿಯವರಿಗೆ ನಾನೇ ಹೇಳಬೇಕಿತ್ತು. ನೋಟಿಸು ಓದಿ ತಿಳಿದುಕೊಳ್ಳುವ ಮೊದಲೇ ಹೋದೆ. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಚಿಮಟ ಹಿಡಿದು ಅಭ್ಯಾಸ ಮಾಡುತ್ತಿದ್ದರು. ಒಂದು ಸ್ಕ್ರೂ ಎತ್ತಿ ಬಟ್ಟಲಿಗೆ ಹಾಕುವುದು. ಹತ್ತರಲ್ಲಿ ನಾಲ್ಕು ಕೆಳಗೆ ಬೀಳುತ್ತಿದ್ದವು.

ನಿಂತುಕೊಂಡೇ ಹೇಳಿದೆ. ಯಾವಾಗಲೂ ಏನಾದರೊಂದು ತಮಾಷೆ ಮಾಡುವ ಮನುಷ್ಯ. ಇವತ್ತು ಚಿಮಟವನ್ನು ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟರು.

“ಆ ಹುಡುಗಿ ಮೇಲೆ ನನಗೆ ಕೋಪ ಇರಲಿಲ್ಲ” ಎಂದರು. “ನಿಮ್ಮ ಮೇಲೆ ಇದೆ. ಅಣಬೆಗಲ್ಲ. ಶನಿವಾರ ನನ್ನ ಮನೇಲಿ ಕೂತು, ನಾನು ಅವಳ ಪರವಾಗಿ ಮಾತಾಡೋದನ್ನ ಸುಮ್ನೆ ಕೇಳಿಸ್ಕೊಂಡು ಹೋದ್ರಲ್ಲ, ಅದಕ್ಕೆ.”

ಹೌದು ಎಂದೆ. ಅವರು ಮತ್ತೆ ಚಿಮಟ ತೆಗೆದುಕೊಂಡರು. ಬಿದ್ದ ಸ್ಕ್ರೂಗಳನ್ನು ನೆಲದಿಂದ ಆರಿಸಿಕೊಡಲು ಬಗ್ಗಿದೆ. “ಬೇಡ, ನಿಮಗೆ ಕಾಣಲ್ಲ” ಎಂದರು. ಅದರಲ್ಲಿ ಚುಚ್ಚುಮಾತು ಇರಲಿಲ್ಲ.

ಅಕ್ಟೋಬರ್ 17, ಶುಕ್ರವಾರ

ಕಣ್ಣಿನ ಡಾಕ್ಟರು: ಎರಡೂ ಕಣ್ಣಿಗೆ ಪೊರೆ. ಎರಡು ಮೂರು ವರ್ಷದಿಂದಲೇ ಬೆಳೆದಿರಬೇಕಂತೆ. “ನಿಮಗೆ ಗೊತ್ತೇ ಆಗಲಿಲ್ವಾ?” ಎಂದರು. ಗೊತ್ತಿತ್ತು ಅನ್ನಿಸುತ್ತದೆ. ಬಲ್ಬನ್ನು ಬೈಯುತ್ತಿದ್ದೆ.

ನನ್ನ ಮೇಲಿನ ವಿಚಾರಣೆ ಮುಂದಿನ ತಿಂಗಳು. ಅಲ್ಲಿಯವರೆಗೆ ಬಾಗಿಲ ಬಳಿ ಕೂತು ಬಂದವರ ಹೆಸರು, ವಿಳಾಸ ಬರೆದುಕೊಳ್ಳುವ ಕೆಲಸ. ಹೊಸಬಳು, ಅಲ್ಲ, ಪರೀಕ್ಷಕಿಯವರು ನಾಡಿದ್ದಿನಿಂದ ಮೇಜಿಗೆ.

ಅಕ್ಟೋಬರ್ 19, ಭಾನುವಾರ

ಮಳೆ ಬಿಟ್ಟು ಬಿಸಿಲು ಬಂದಿದ್ದರಿಂದ ಜನವೋ ಜನ. ನೋಟಿಸು ನನ್ನ ತಲೆಯ ಮೇಲೇ ಅಂಟಿಸಿದ್ದಾರೆ. ಕೆಲವರು ಅದನ್ನು ಓದಿ ನನ್ನನ್ನು ನೋಡುತ್ತಾರೆ, ಕೆಲವರು ನನ್ನನ್ನು ನೋಡಿ ಆಮೇಲೆ ಓದುತ್ತಾರೆ. ನಾನು ರಿಜಿಸ್ಟರಿನಿಂದ ತಲೆ ಎತ್ತದೆ ಬರೆಯುತ್ತಿದ್ದೆ.

ಹನ್ನೊಂದರ ಸುಮಾರಿಗೆ ಹಳೇ ಪರಿಚಯದ ದರ್ಜಿಯಮ್ಮ ಬಂದರು. ಹತ್ತು ಹದಿನೈದು ವರ್ಷದಿಂದ ನನ್ನಲ್ಲೇ ತೋರಿಸುತ್ತಿದ್ದವರು. ನೋಟಿಸು ಓದಿರಲಿಲ್ಲ. ಬುಟ್ಟಿಯನ್ನು ನೇರ ನನ್ನ ರಿಜಿಸ್ಟರಿನ ಮೇಲೇ ಇಟ್ಟರು. “ಅಲ್ಲಿ ಯಾರೋ ಹೊಸಬಳು ಕೂತಿದ್ದಾಳೆ. ಅವಳೆಲ್ಲಾ ಬೇಡಪ್ಪ. ನೀವೇ ಒಂದು ಸಲ ನೋಡಿಬಿಡಿ.”

ಪರೀಕ್ಷಕಿಯವರ ಕೈಯಲ್ಲಿದ್ದ ಚಾಕು ನಿಂತದ್ದು ನನಗೆ ಕೇಳಿಸಿತು. ಸಾಲಿನಲ್ಲಿ ಮೂವತ್ತು ಜನರಾದರೂ ಇದ್ದರು.

“ನನಗೆ ಬಣ್ಣ ಕಾಣಿಸಲ್ಲಮ್ಮ” ಎಂದೆ. ದನಿ ಸಣ್ಣದಾಗಿತ್ತು. ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದೆ. “ನನಗೆ ಕಾಣಿಸಲ್ಲ. ಗಡಿಯಾರ ರಿಪೇರಿಯವರಿಗೆ ವಿಷದ ಅಣಬೆ ಪಾಸು ಮಾಡಿ ಕಳಿಸಿದ್ದು ನಾನು, ಆ ಮೇಜಿನವರಲ್ಲ. ನೀವು ಅವರ ಹತ್ರಾನೇ ತೋರಿಸಬೇಕು.”

ಯಾರೋ ಲೊಚಗುಟ್ಟಿದರು. ಹಿಂದಿನಿಂದ ಒಬ್ಬರು, “ಎಂಥಾ ಮನುಷ್ಯ!” ಎಂದರು. ದರ್ಜಿಯಮ್ಮ ಬುಟ್ಟಿಯ ಹಿಡಿಕೆ ಹಿಡಿದುಕೊಂಡು ಅತ್ತ ಹೋಗುವುದೋ, ಮನೆಗೆ ಹೋಗುವುದೋ ತಿಳಿಯದೆ ನಿಂತರು.

ಪರೀಕ್ಷಕಿಯವರು ತಲೆ ಎತ್ತಲಿಲ್ಲ. ಚಾಕುವಿನ ಸದ್ದು ಮತ್ತೆ ಶುರುವಾಯಿತು. “ಸಾಲು ನಿಲ್ಲಿಸ್ಬೇಡಿ ಸರ್” ಎಂದರು. “ಹೆಸರು ಬರ್ಕೊಂಡು ಕಳಿಸಿ.”

ಹೋದ ಭಾನುವಾರದಿಂದ ಇವತ್ತಿನವರೆಗೆ ಅವರು ನನ್ನೊಡನೆ ಆಡಿದ ಮಾತು ಅದೊಂದೇ. ನಾನು ಹೆಸರು ಕೇಳಿ ಬರೆದುಕೊಂಡೆ, ವಿಳಾಸ ಕೇಳಿ ಬರೆದುಕೊಂಡೆ, ಬುಟ್ಟಿಯನ್ನು ಪರೀಕ್ಷಕಿಯವರ ಕಡೆಗೆ ಸರಿಸಿದೆ.